ಗುಳಿಗಿ ಒಂದ್ ಕೈಯಾಗ, ಚಹಾ ಇನ್ನೊಂದ್ ಕೈಯಾಗ

ಹೋದ ವರ್ಷ ಶ್ರಾವಣದಾಗ ಅರಿಷಿಣ-ಕುಂಕುಮಕ್ಕ ಬಂದ ವೈನಿ ಒಬ್ರು ನಮ್ಮ ಮಗಳ ಮಾರಿ ನೋಡಿ, "ಯಾಕವ್ವಾ, ಹುಡುಗಿ ಹಿಂಗ ಬಿಳಿಚಿಕೊಂಡಾಳ?" ಅಂದ್ರು. ನಾನು "ಅಭ್ಯಾಸ ಭಾಳ ಅದ ರೀ, ರಾತ್ರಿ ನಿದ್ದಿ ಇಲ್ಲ" ಅಂತ ಹೇಳಿ ಉಡಿ ತುಂಬಿ ಕಳಿಸಿದೆ. ಆದ್ರ ಮಾತು ಮನಸಿನಾಗ ಉಳೀತು. ಮಾಳಗಿ ಪಾವಟಿಗಿ ಏರಿದ್ರ ಸಾಕು, ಹುಡುಗಿ ಏದುಸಿರು ಬಿಡ್ತಿದ್ಲು. ಬಾಚಿದ್ರ ಹಣಿಗಿ ತುಂಬ ಕೂದಲಾ. ನಾನು "ಮೊಬೈಲ್ ನೋಡೂದು ಕಡಿಮಿ ಮಾಡು" ಅಂತ ಬೈಕೋತನ ಇದ್ದೆ.

ಡಾಕ್ಟರ್ ಬಾಯಾರು ಕಣ್ಣಿನ ಕೆಳರೆಪ್ಪಿ ಎಳೆದು ನೋಡಿ, ರಕ್ತ ತಪಾಸಣೆಗೆ ಬರದು ಕೊಟ್ರು. ಹಿಮೋಗ್ಲೋಬಿನ್ 8.4. ಹದಿನಾರು ವರ್ಷದ ಹುಡುಗಿಗೆ 12ರ ಮ್ಯಾಲ ಇರಬೇಕಂತ. ಕಬ್ಬಿಣಾಂಶದ ಗುಳಿಗಿ ಕೊಟ್ಟು, ಆರು ವಾರ ಬಿಟ್ಟು ಬರ್ರಿ ಅಂದ್ರು.

ನಾನು ಒಂದ್ ದಿನಾನೂ ತಪ್ಪಿಸಲಿಲ್ಲ ನೋಡ್ರಿ. ದಿನಾ ಮುಂಜಾನೆ ಎದ್ದ ಕೂಡಲೇ ಒಂದ್ ಕೈಯಾಗ ಗುಳಿಗಿ, ಇನ್ನೊಂದ್ ಕೈಯಾಗ ಹಾಲು ಹಾಕಿದ ಬಿಸಿ ಚಹಾ ಹಿಡಕೊಂಡು ಅಕೀ ಮುಂದ ನಿಂತು, ನುಂಗೂದು ನೋಡೇ ಒಳಗ ಹೋಗ್ತಿದ್ದೆ. ಆರು ವಾರ ಆದ ಮ್ಯಾಲ ನೋಡಿದ್ರ 8.6!

"ಹೆಂಗ ತೊಗೋತಾಳ್ರೀ ಗುಳಿಗಿ?" ಅಂತ ಕೇಳಿದ್ರು. ನಾನು ದೊಡ್ಡಸ್ತನದಿಂದ "ನಾನೇ ಕೊಡ್ತೀನ್ರಿ, ಚಹಾದ ಜೋಡಿ" ಅಂದೆ. ಬಾಯಾರು ಪೆನ್ ಕೆಳಗ ಇಟ್ರು. ಚಹಾದಾಗಿನ ಒಗರು ಕಬ್ಬಿಣಾಂಶಾನ ಹೊಟ್ಟ್ಯಾಗೇ ಹಿಡಕೊಂಡುಬಿಡ್ತದಂತ, ರಕ್ತಕ್ಕ ಹೋಗಗೊಡೂದಿಲ್ಲಂತ. ಹಾಲಿನ್ಯಾಗಿನ ಕ್ಯಾಲ್ಸಿಯಂನೂ ಅದಕ್ಕ ಅಡ್ಡ. ಅಂದ್ರ ಆರು ವಾರ ನಾನೇ ಕೊಟ್ಟು, ನಾನೇ ಕಸಗೊಂಡಂಗ ಆಗಿತ್ತು.

"ಅಲ್ರೀ, ನಮ್ಮನ್ಯಾಗ ಪುಂಡಿ, ಮೆಂತ್ಯ, ರಾಜಗಿರಿ ದಿನಾ ಒಂದಿಲ್ಲೊಂದು ಪಲ್ಲೆ ಇರ್ತದ" ಅಂದೆ. ಅವ್ರು ಸಮಾಧಾನದಿಂದ ತಿಳಿಸಿ ಹೇಳಿದ್ರು. ಸೊಪ್ಪು, ಕಾಳಿನ್ಯಾಗಿನ ಕಬ್ಬಿಣಾಂಶ ಮೈಗೆ ಹತ್ತೂದು ಕಡಿಮಿ. ಮಾಂಸದ್ದು ಅದಕ್ಕಿಂತ ಲಗೂನ ಹತ್ತತದ. ನಾವು ಶಾಖಾಹಾರದವ್ರು ಅದರ ಜೋಡಿ ಸಿ ಜೀವಸತ್ವ ಇರೋದನ್ನ ತಿನ್ನಬೇಕು. ಲಿಂಬಿಹಣ್ಣು, ನೆಲ್ಲಿಕಾಯಿ, ಪ್ಯಾರಲಹಣ್ಣು. ಈ ಸಿ ಜೀವಸತ್ವ ಭಾಳ ನಾಜೂಕು, ಬಿಸಿಗೆ ಹಾಳಾಗ್ತದ, ನೀರಿನ್ಯಾಗ ಕರಗಿ ಹೋಗ್ತದ. ಹಂಗಂತ ಪಲ್ಲೆ ಹೆಚ್ಚೂಕಿಂತ ಮೊದಲೇ ತೊಳೀಬೇಕು, ಲಿಂಬಿ ಒಲಿಯಿಂದ ಇಳಿಸಿದ ಮ್ಯಾಲ ಹಿಂಡಬೇಕು.

ಇದು ಕೇಳಿ ನನಗ ನಮ್ಮವ್ವನ ತಾಟು ನೆನಪಾತು. ರೊಟ್ಟಿ ಬಾಜೂಕ ಹಸಿ ಮೆಂತ್ಯಪಲ್ಲೆ, ಉಳ್ಳಾಗಡ್ಡಿ, ಗಜ್ಜರಿ, ಲಿಂಬಿಹೋಳು, ಮೊಳಕಿ ಒಡೆದ ಮಡಕಿಕಾಳು. ಕಾಳು ನೆನಸಿ ಮೊಳಕಿ ಬರಿಸಿದ್ರ ಕಬ್ಬಿಣಾಂಶ ಹಿಡದಿಡೋ ಅಂಶ ಕಡಿಮಿ ಆಗಿ, ಸಿ ಜೀವಸತ್ವ ಹೆಚ್ಚಾಗ್ತದ. ಅವ್ವಗ ಈ ಹೆಸರು ಯಾವೂ ಗೊತ್ತಿರಲಿಲ್ಲ, ರುಚಿ ಗೊತ್ತಿತ್ತು. ನಾವು ಗಡಿಬಿಡಿಯಾಗ ಪಚಡಿ ಬಿಟ್ಟು ಚಹಾ ಹೆಚ್ಚು ಮಾಡಿದ್ವಿ.

ಮನಿಗೆ ಬಂದು ಕೇಳಿದ್ರ ಮಗಳು ಇನ್ನೊಂದು ಬಾಯಿ ಬಿಟ್ಲು. ಸಾಲ್ಯಾಗ ವಾರಕ್ಕೊಮ್ಮೆ ಕೊಡ್ತಿದ್ದ ನೀಲಿ ಗುಳಿಗಿ, ಹೊಟ್ಟಿ ತೊಳಸ್ತದ ಅಂತ ಗಟಾರಕ್ಕ ಒಗೀತಿದ್ಲಂತ. ಬೈಯಾಕ ಬಾಯಿ ತೆಗೆದೆ, ಮತ್ತ ಸುಮ್ಮನಾದೆ. ಚಹಾ ಕೊಟ್ಟಾಕಿ ನಾನು, ಯಾವ ಬಾಯಿಂದ ಬೈಲಿ?

ಬಾಯಾರು ನನ್ನ ರಕ್ತಾನೂ ತಪಾಸಣೆ ಮಾಡಿಸಿದ್ರು. 9.1. ನಮ್ಮ ಯಜಮಾನ್ರದು 14, ಮಗಂದೂ ಚಲೋ ಇತ್ತು. ಒಂದೇ ಒಲಿ, ಒಂದೇ ಪಲ್ಲೆ, ಅವ್ರಿಗೆ ಯಾಕ ಇಲ್ಲ? ತಿಂಗಳಾ ಹೋಗೂದು ಒಂದು ಕಾರಣ. ನನಗ ಎರಡು ವರ್ಷದಿಂದ ಭಾಳ ಹೋಗ್ತಿತ್ತು, ಯಾರ ಮುಂದೂ ಹೇಳಿರಲಿಲ್ಲ. ಇನ್ನೊಂದು ಕಾರಣ ರಾತ್ರಿ ಬುಟ್ಟಿ ತೊಳೀವಾಗ ಹೊಳೀತು. ಎಲ್ಲಾರೂ ಉಂಡ ಮ್ಯಾಲ ನಾನು ಕುಂದರತೀನಿ. ಪಲ್ಲೆ ಅಷ್ಟೊತ್ತಿಗೆ ಖಾಲಿ. ಎರಡು ರೊಟ್ಟಿ, ಶೇಂಗಾಚಟ್ನಿ, ಮ್ಯಾಲ ಒಂದ್ ಕಪ್ ಚಹಾ. ಮಗಳೂ ನನ್ನ ಜೋಡೀನ ಉಣ್ಣಾಕಿ.

ನಮ್ಮ ದೇಶದಾಗ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಾಗ 100ಕ್ಕ 57 ಮಂದಿಗೆ ರಕ್ತ ಕಡಿಮಿ, ಗಂಡಸರಾಗ 25. ಆ 57ರಾಗ ನಾವಿಬ್ರೂ ಕೂತಿದ್ವಿ.

ಅತ್ತಿಯವ್ರಿಗೆ ಹೇಳೂದು ಹೆಂಗ ಅಂತ ಅಂಜಿದ್ದೆ. ಗಂಡಸರ ಜೋಡಿ ಕೂತು ಉಣ್ಣೂದು ಅವ್ರಿಗೆ ಸೇರೂದಿಲ್ಲ. ಎಲ್ಲಾ ಕೇಳಿಕೊಂಡು ಭಾಳ ಹೊತ್ತು ಸುಮ್ಮನಿದ್ರು. ಆಮ್ಯಾಲ, "ನನಗ ಎರಡನೇ ಬಾಣಂತನದಾಗ ಎದ್ದು ನಿಂತ್ರ ಕಣ್ಣು ಕತ್ತಲಿ ಬರ್ತಿತ್ತು. ಯಾರಿಗೂ ಹೇಳಲಿಲ್ಲ. ಕೇಳೋರೂ ಇರಲಿಲ್ಲ" ಅಂದ್ರು. ಮರುದಿನ ರಾತ್ರಿ ಅವ್ರೇ ಐದು ಮಣಿ ಸಾಲಾಗಿ ಹಾಕಿ, "ಎಲ್ಲಾರೂ ಕೂಡ್ರಿ, ಬೇಕಾದವ್ರು ಕೈಲೆ ಹಚ್ಚಿಕೋತಾರ" ಅಂದ್ರು. ನಮ್ಮ ಯಜಮಾನ್ರು ಅವತ್ತು ಮೊದಲ ಸಲ ರೊಟ್ಟಿಬುಟ್ಟಿ ಎತ್ತಿಕೊಂಡು ಬಂದ್ರು.

ಅವ್ರನ್ನೂ ತೋರಿಸಿದ್ವಿ. ಕಾಲಿನ್ಯಾಗ ಜೋಮು ಹಿಡೀತದ ಅಂತಿದ್ರು, ವಯಸ್ಸಾತು ಅಂತ ಬಿಟ್ಟಿದ್ವಿ. ಬಿ 12 ಕಡಿಮಿ ಇತ್ತು. ಅದು ಸೊಪ್ಪು-ಕಾಳಿನ್ಯಾಗ ಸಿಗೂದಿಲ್ಲ. ನಮ್ಮಂಥವ್ರಿಗೆ ಹಾಲು, ಮಸರೇ ಗತಿ. ಅವ್ರು ಹಾಲು ಬಿಟ್ಟು ವರ್ಷಗಟ್ಟಲೆ ಆಗಿತ್ತು. ಇಂಜೆಕ್ಷನ್ ಆದ ಮ್ಯಾಲ ಜೋಮು ಕಡಿಮಿ ಆಗ್ಯದ, ಮಸರೂ ಶುರು ಮಾಡ್ಯಾರ.

ಈಗ ಗುಳಿಗಿ ಲಿಂಬು ಶರಬತ್ತಿನ ಜೋಡಿ. ಚಹಾ ಬಿಟ್ಟಿಲ್ಲ ಬಿಡ್ರಿ, ಅದು ಬಿಡೂದು ನನ್ನ ಕೈಲೆ ಆಗೂದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸಿನ ಮ್ಯಾಲ ಅಂತರ ಇಟ್ಟೀವಿ. ಗುಳಿಗಿಯಿಂದ ಸಂಡಾಸ ಕರ್ರಗ ಆಗ್ತದ, ಅಂಜಬ್ಯಾಡ್ರಿ. ಆದ್ರ ತಪಾಸಣೆ ಇಲ್ಲದ ನೀವ ತಂದು ನುಂಗಬ್ಯಾಡ್ರಿ, ಹೆಚ್ಚಾದ್ರೂ ತ್ರಾಸ. ಸಣ್ಣ ಹುಡುಗ್ರ ಕೈಗೆ ಅಂತೂ ಸಿಗಗೊಡಬ್ಯಾಡ್ರಿ.

ಮೂರು ತಿಂಗಳ ಮ್ಯಾಲ ಮಗಳದು 11.3, ನಂದು 10.8. ಇನ್ನೂ ಮುಂದುವರಸ್ರಿ ಅಂದಾರ. 12 ಮುಟ್ಟಿದ ಮ್ಯಾಲೂ ಮೈಯಾಗಿನ ಸಾಠಾ ತುಂಬಬೇಕಂತ.

ನಿನ್ನಿ ಊಟ ಆದ ಕೂಡಲೇ ಮರೆತು ಚಹಾಕ್ಕ ಇಟ್ಟಿದ್ದೆ. ಮಗಳು ಬಂದು ಗ್ಯಾಸ್ ಆರಿಸಿ, "ಅವ್ವಾ, ಗಡಿಯಾರ ನೋಡು" ಅಂದ್ಲು. ಬೈಸಿಕೊಂಡೆ. ಪಾವಟಿಗಿ ಏರಿ ಬಂದಿದ್ಲು, ಏದುಸಿರು ಇರಲಿಲ್ಲ.