ಗ್ರಂಥಭಂಡಾರಕ್ಕೆ ಓದುಗರ ಬಿನ್ನಹ

ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ವಹಿಗಳಿರುತ್ತವೆ. ಬಂದ ಪುಸ್ತಕಗಳನ್ನು ದಾಖಲಿಸುವುದು ಒಂದು. ಎರವಲು ಹೋದ ಪುಸ್ತಕಗಳನ್ನು ಗುರುತಿಸುವುದು ಇನ್ನೊಂದು. ಮೂರನೆಯದು, ಮೇಜಿನ ಮೂಲೆಯಲ್ಲಿ ದೂಳು ಹಿಡಿದು ಕುಳಿತಿರುವ ಸಲಹಾ ಪುಸ್ತಕ. ಮೊದಲೆರಡನ್ನು ಲೆಕ್ಕ ತಪಾಸಣೆಯವರು ತೆರೆದು ನೋಡುತ್ತಾರೆ. ಮೂರನೆಯದನ್ನು ತೆರೆಯುವವರು ವಿರಳ. ಆದರೆ ಒಂದು ಊರಿನ ಓದಿನ ಚರಿತ್ರೆಯನ್ನು ಬರೆಯಹೊರಟ ಸಂಶೋಧಕನಿಗೆ ಇದಕ್ಕಿಂತ ಮಿಗಿಲಾದ ಆಕರ ದೊರೆಯುವುದು ಕಷ್ಟ. ಗ್ರಂಥಾಲಯದಲ್ಲಿ ಏನಿದೆ ಎಂಬುದನ್ನು ಉಳಿದ ವಹಿಗಳು ಹೇಳುತ್ತವೆ. ಜನರು ಏನನ್ನು ಹುಡುಕಿಕೊಂಡು ಬಂದು ಬರಿಗೈಯಲ್ಲಿ ಮರಳಿದರು ಎಂಬುದನ್ನು ಇದೊಂದೇ ಹೇಳುತ್ತದೆ.

ಈ ಪುಸ್ತಕಗಳಲ್ಲಿ ನಿವಾಸಿಗಳು ಬರೆಯುವ ಸಲಹೆಗಳು ಊರೂರಿಗೂ ಬಹುಪಾಲು ಒಂದೇ. ಮೊದಲನೆಯದು ವೇಳೆಯದು. ಕಚೇರಿ, ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಬಿಡುವಾಗುವ ಹೊತ್ತಿಗೆ ಗ್ರಂಥಾಲಯದ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ರಾತ್ರಿ ಇನ್ನೊಂದು ಗಂಟೆ ತೆರೆದಿಡಬೇಕೆಂಬ ಕೋರಿಕೆ. ಎರಡನೆಯದು ಸ್ಥಳದ್ದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣರಿಗೆ ಕುರ್ಚಿ ಸಾಲದು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಾಲು, ಶುಚಿಯಾದ ಶೌಚಾಲಯ, ಕುಡಿಯುವ ನೀರು ಬೇಕು. ಶೌಚಾಲಯವಿಲ್ಲದ ಗ್ರಂಥಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ಎಷ್ಟು ಹೊತ್ತು ಕುಳಿತಾಳು? ಅವಳ ಓದಿನ ಅವಧಿಯನ್ನು ನಿರ್ಧರಿಸುವುದು ಅಲ್ಲಿನ ಪುಸ್ತಕಗಳ ಸಂಖ್ಯೆಯಲ್ಲ, ಈ ಕೊರತೆ. ಮೆಟ್ಟಿಲು ಹತ್ತಲಾರದ ವೃದ್ಧರು ಇಳಿಜಾರು ದಾರಿಯನ್ನೂ ದಪ್ಪಕ್ಷರದ ಪುಸ್ತಕಗಳನ್ನೂ ಕೇಳುತ್ತಾರೆ. ಮಕ್ಕಳ ಪುಸ್ತಕಗಳನ್ನು ಮಕ್ಕಳ ಕೈಗೆಟುಕುವ ಎತ್ತರದಲ್ಲಿಡಿ ಎಂದು ತಾಯಂದಿರು ಬರೆಯುತ್ತಾರೆ.

ಮೂರನೆಯ ಬಗೆಯ ಸಲಹೆಗಳು ಪುಸ್ತಕಗಳನ್ನೇ ಕುರಿತವು. ಸಂಪುಟಗಳಲ್ಲಿ ಪ್ರಕಟವಾದ ಗ್ರಂಥದ ಎರಡನೆಯ ಸಂಪುಟ ಮಾತ್ರ ಇದೆ, ಮೊದಲನೆಯದನ್ನು ತರಿಸಿ. ತಾಲ್ಲೂಕಿನ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟ ನಮ್ಮ ಊರಿನಲ್ಲೇ ಇಲ್ಲ. ಗಾಜಿನ ಬೀರುವಿನಲ್ಲಿ ಕಾಣುವ ಪುಸ್ತಕಗಳಿಗೆ ಬೀಗ ಹಾಕಿದೆ, ಬೀಗದ ಕೈ ಯಾರಲ್ಲಿದೆ? ಈ ಕೊನೆಯ ಪ್ರಶ್ನೆಯನ್ನು ಬರೆದವರು ತಿಳಿದೋ ತಿಳಿಯದೆಯೋ ಬಹಳ ಹಳೆಯದಾದ ಒಂದು ವಾದವನ್ನು ಮುಂದುವರಿಸುತ್ತಿದ್ದಾರೆ. ಗ್ರಂಥವಿರುವುದು ಕಾಪಾಡುವುದಕ್ಕೋ ಓದುವುದಕ್ಕೋ ಎಂಬುದೇ ಆ ವಾದ.

ಜೈನ ಪರಂಪರೆ ಈ ಪ್ರಶ್ನೆಯನ್ನು ದಾನದ ಪರಿಭಾಷೆಯಲ್ಲಿ ಚಿಂತಿಸಿದೆ. ಆಹಾರ, ಅಭಯ, ಭೈಷಜ್ಯಗಳೊಡನೆ ಶಾಸ್ತ್ರವನ್ನೂ ಅದು ಚತುರ್ವಿಧ ದಾನಗಳಲ್ಲಿ ಸೇರಿಸಿತು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಸಾಹಿತ್ಯದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದದ್ದೇ. ಅಲ್ಲಿ ಗಮನಿಸಬೇಕಾದದ್ದು ಸಾವಿರವೆಂಬ ಸಂಖ್ಯೆಯ ಹಿರಿಮೆಯೊಂದನ್ನೇ ಅಲ್ಲ. ಒಂದೇ ಭಂಡಾರದಲ್ಲಿಡಲು ಒಂದು ಕೃತಿಯ ಸಾವಿರ ಪ್ರತಿಗಳು ಬೇಕಾಗುವುದಿಲ್ಲ. ಸಾವಿರ ಕಡೆ ಓದುಗರಿದ್ದಾರೆಂಬ ನಂಬಿಕೆಯಿದ್ದರೆ ಮಾತ್ರ ಬೇಕಾಗುತ್ತವೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನಫಲಕ್ಕೆ ನಿದರ್ಶನರಾದವರಲ್ಲಿ ಕೌಂಡೇಶನ ಹೆಸರಿದೆ. ಕಥಾಕೋಶಗಳು ಹೇಳುವಂತೆ ಅವನು ಹಿಂದಿನ ಭವದಲ್ಲಿ ಗೋವಿಂದನೆಂಬ ದನಗಾಹಿ. ಮರದ ಪೊಟರೆಯಲ್ಲಿ ದೊರೆತ ಶಾಸ್ತ್ರಗ್ರಂಥವನ್ನು ಭಕ್ತಿಯಿಂದ ಕಾಪಾಡಿ ಮುನಿಯೊಬ್ಬರಿಗೆ ಒಪ್ಪಿಸಿದ. ಆ ಪುಣ್ಯದಿಂದ ಮುಂದೆ ಶ್ರುತಪಾರಗನಾದ. ಗ್ರಂಥವನ್ನು ರಚಿಸಿದವನಲ್ಲ, ಅದರ ಒಡೆಯನೂ ಅಲ್ಲ. ಓದಬಲ್ಲವರ ಕೈಗೆ ಅದನ್ನು ಮುಟ್ಟಿಸಿದ ಸಾಮಾನ್ಯನಿಗೆ ಈ ಕಥೆ ಜ್ಞಾನದ ಹಕ್ಕನ್ನು ಕೊಡುತ್ತದೆ.

ಇದೇ ಪರಂಪರೆಯಲ್ಲಿ ಕಾಪಾಡುವ ಕರ್ತವ್ಯ ಓದಿನ ಅವಕಾಶವನ್ನು ಮೀರಿ ಬೆಳೆದ ಉದಾಹರಣೆಯೂ ಉಂಟು. ಷಟ್ಖಂಡಾಗಮ ಮತ್ತು ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಯೋಲೆ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದು ಬಂದವು. ಅಲ್ಲಿನವರ ಶತಮಾನಗಳ ಜೋಪಾನವಿಲ್ಲದಿದ್ದರೆ ಆ ಶ್ರುತ ಇಂದು ನಮ್ಮ ಪಾಲಿಗೆ ಇರುತ್ತಿರಲಿಲ್ಲ. ಆದರೂ ದೀರ್ಘಕಾಲ ಅವು ಯಾತ್ರಿಕರ ದರ್ಶನಕ್ಕೆ ದೊರೆತವೇ ಹೊರತು ಅಧ್ಯಯನಕ್ಕಲ್ಲ. ದರ್ಶನಕ್ಕೆ ಬಂದವರಲ್ಲಿಯೇ ಕೆಲವರು, ಮುಂಬಯಿ ಮತ್ತು ಸೊಲ್ಲಾಪುರದ ಶ್ರಾವಕರು, ಓಲೆಗಳು ಶಿಥಿಲವಾಗುವ ಮುನ್ನ ಪ್ರತಿ ಮಾಡಿಸಬೇಕೆಂದು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಿನ್ನವಿಸಿಕೊಂಡರು. ಪವಿತ್ರ ಗ್ರಂಥ ಹೊರಗೆ ಹೋದರೆ ಅವಿನಯವಾದೀತೆಂಬ ಅಳುಕನ್ನು ದಾಟಿ ಆ ಬಿನ್ನಹ ಫಲಿಸಲು ವರ್ಷಗಳೇ ಹಿಡಿದವು. ಕೊನೆಗೆ 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಒಟ್ಟು 16 ಸಂಪುಟಗಳು ಬಂದವು. 1948ರಲ್ಲಿ ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರೀಯ ಗ್ರಂಥಸೂಚಿ ಪ್ರಕಟವಾದಾಗ ಇಂತಹ ಭಂಡಾರಗಳಲ್ಲಿ ಏನಿದೆಯೆಂಬುದು ದೂರದ ವಿದ್ವಾಂಸರಿಗೂ ತಿಳಿಯಿತು. ಹೊರಗಿನಿಂದ ಬಂದವರ ಒಂದು ಸಲಹೆಯನ್ನು ಭಂಡಾರ ಕಿವಿಗೆ ಹಾಕಿಕೊಂಡಿದ್ದರಿಂದಲೇ ಜೈನ ಕರ್ಮಸಿದ್ಧಾಂತದ ಅಧ್ಯಯನಕ್ಕೆ ಹೊಸ ಬಾಗಿಲು ತೆರೆಯಿತು.

ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಈ ಹಿನ್ನೆಲೆಯಲ್ಲಿ ಓದಿಕೊಳ್ಳಬಹುದು. ಪುಸ್ತಕಗಳಿರುವುದು ಬಳಕೆಗೆ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು, ಓದುಗನ ಕಾಲವನ್ನು ಉಳಿಸಬೇಕು, ಗ್ರಂಥಾಲಯ ಬೆಳೆಯುತ್ತಿರುವ ಜೀವಿ ಎಂಬುವು ಅವುಗಳ ಆಶಯ. ದನಗಾಹಿ ಗೋವಿಂದ ನೆರವೇರಿಸಿದ್ದು ಮೂರನೆಯ ಸೂತ್ರವನ್ನು. ಬೀರುವಿನ ಬೀಗದ ಕೈ ಕೇಳಿದ ಓದುಗ ಮೊದಲನೆಯದನ್ನು ನೆನಪಿಸಿದ. ರಾತ್ರಿ ಇನ್ನೊಂದು ಗಂಟೆ ಕೇಳಿದವನು ಎರಡನೆಯದನ್ನು. ಈ ಸೂತ್ರಗಳನ್ನು ಎಂದೂ ಓದದ ಜನರು ತಮ್ಮ ಅಗತ್ಯದಿಂದಲೇ ಅವನ್ನು ಮತ್ತೆ ಮತ್ತೆ ಬರೆಯುತ್ತಿದ್ದಾರೆ.

ಹೀಗೆ ಕೇಳುವ ಅಧಿಕಾರವೂ ಅವರಿಗಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ಸೇರಿದೆ. ಈಗ ಅದರ ದರ ಶೇ. 6. ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬ ನಿವಾಸಿಯೂ, ಗ್ರಂಥಾಲಯದ ಹೊಸ್ತಿಲನ್ನು ತುಳಿಯದವನೂ ಸಹ, ಅದರ ಪೋಷಕ. ಪ್ರಾಚೀನ ದಾನಿ ಶಾಸನ ಹಾಕಿಸಿ ತನ್ನ ದತ್ತಿಯ ಉದ್ದೇಶವನ್ನು ಕಲ್ಲಿನಲ್ಲಿ ಸ್ಪಷ್ಟಪಡಿಸುತ್ತಿದ್ದ. ಇಂದಿನ ತೆರಿಗೆದಾರನಿಗೆ ಆ ಕಲ್ಲು ಇಲ್ಲ. ಅವನಿಗಿರುವುದು ಸಲಹಾ ಪುಸ್ತಕದ ಅರ್ಧ ಪುಟ.

ಸಲಹೆಗಳೆಲ್ಲವೂ ಒಂದಕ್ಕೊಂದು ಹೊಂದುತ್ತವೆ ಎಂದಲ್ಲ. ಪರೀಕ್ಷಾರ್ಥಿಗಳು ಬೆಳಗಿನಿಂದ ಸಂಜೆಯವರೆಗೆ ಕುರ್ಚಿ ಬಿಡುವುದಿಲ್ಲವೆಂದು ಪತ್ರಿಕೆ ಓದಲು ಬರುವ ನಿವೃತ್ತರು ದೂರುತ್ತಾರೆ. ನಿವೃತ್ತರ ಮಾತುಕತೆಯಿಂದ ಓದಿಗೆ ಭಂಗವೆಂದು ಪರೀಕ್ಷಾರ್ಥಿಗಳು ಬರೆಯುತ್ತಾರೆ. ಕಾದಂಬರಿ ಹೆಚ್ಚು ತರಿಸಿ ಎಂಬ ಸಾಲಿನ ಕೆಳಗೇ ಕಾದಂಬರಿ ಸಾಕು, ಮಾರ್ಗದರ್ಶಿ ಪುಸ್ತಕ ತರಿಸಿ ಎಂಬ ಸಾಲಿರುತ್ತದೆ. ಪ್ರತಿಯೊಂದೂ ತನ್ನ ನಯದಿಂದ ಸತ್ಯವೇ. ಹಾಗೆಂದು ಎಲ್ಲವನ್ನೂ ಸತ್ಯವೆಂದು ಒಪ್ಪಿ ಸುಮ್ಮನಿರುವುದು ಅನೇಕಾಂತವಾಗದು. ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಅಪೇಕ್ಷೆಯಿಂದ ಎಂದು ವಿಂಗಡಿಸಿ ನೋಡಿದಾಗ ಬಹಳಷ್ಟು ವಿರೋಧಗಳು ತಾವಾಗಿ ಕರಗುತ್ತವೆ. ಪತ್ರಿಕೆಯ ಮೇಜನ್ನು ಜಗುಲಿಗೆ ಸರಿಸಿದರೆ ಮೊದಲ ಜಗಳ ಮುಗಿಯಬಹುದು. ಕರಗದೆ ಉಳಿದವುಗಳ ಬಗ್ಗೆ ಗ್ರಂಥಪಾಲಕರು ನಿರ್ಧಾರ ಕೈಗೊಂಡು ಕಾರಣವನ್ನು ತಿಳಿಸಬೇಕು.

ಕಾರಣ ತಿಳಿಸುವ ಈ ಪದ್ಧತಿಯೇ ಇಂದು ಎಲ್ಲಕ್ಕಿಂತ ಅಗತ್ಯವಾದದ್ದು. ಸಲಹಾ ಪುಸ್ತಕದ ಪ್ರತಿ ಪುಟದಲ್ಲಿ ಬಲಗಡೆ ಉತ್ತರಕ್ಕೆಂದು ಒಂದು ಅಂಕಣವಿರಲಿ. ಪುಸ್ತಕ ತರಿಸಿದೆ, ಇಂಥ ದಿನ ಬಂದಿದೆ. ಅನುದಾನವಿಲ್ಲ, ಮುಂದಿನ ಪಟ್ಟಿಯಲ್ಲಿ ಸೇರಿಸಿದೆ. ಇದು ಸಾಧ್ಯವಿಲ್ಲ, ಏಕೆಂದರೆ ಸಿಬ್ಬಂದಿ ಒಬ್ಬರೇ. ಇಷ್ಟು ಬರೆದು ತಿಂಗಳಿಗೊಮ್ಮೆ ಫಲಕದಲ್ಲಿ ಹಾಕಿದರೆ ಸಾಕು. ಇದಕ್ಕೆ ಅನುದಾನ ಬೇಡ, ಆದೇಶ ಬೇಡ. ಉತ್ತರ ಸಿಗದ ಓದುಗ ಎರಡನೆಯ ಸಲ ಬರೆಯುವುದಿಲ್ಲ. ಮೂರನೆಯ ಸಲ ಬರುವುದೂ ಇಲ್ಲ. ಖಾಲಿ ಉಳಿದ ಸಲಹಾ ಪುಸ್ತಕವನ್ನು ಜನರ ತೃಪ್ತಿಯ ಗುರುತೆಂದು ಭಾವಿಸುವ ಗ್ರಂಥಾಲಯ ತನ್ನ ಓದುಗರನ್ನು ಆಗಲೇ ಕಳೆದುಕೊಂಡಿರುತ್ತದೆ.

ಹಳೆಯ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ತಮ್ಮ ಬೆನ್ನು, ಸೊಂಟ, ಕೊರಳು ನೊಂದುದನ್ನು ಹೇಳಿ, ಗ್ರಂಥವನ್ನು ನೀರಿನಿಂದ, ಎಣ್ಣೆಯಿಂದ, ಸಡಿಲವಾದ ಕಟ್ಟಿನಿಂದ ಕಾಪಾಡಿರೆಂದು ಬೇಡಿಕೊಳ್ಳುವುದುಂಟು. ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ವಿನಂತಿಸುವುದೂ ಉಂಟು. ಗ್ರಂಥ ತನ್ನ ಕೈಬಿಟ್ಟು ಅಪರಿಚಿತ ಓದುಗನ ಕೈ ಸೇರುತ್ತದೆ ಎಂಬ ಅರಿವು ಆ ಮಾತುಗಳಲ್ಲಿದೆ. ಸೋರುವ ಮಾಡಿನ ಬಗ್ಗೆ, ಕಿತ್ತುಹೋದ ರಟ್ಟಿನ ಬಗ್ಗೆ, ಹರಿದುಹೋದ ಪುಟದ ಬಗ್ಗೆ ಇಂದಿನ ನಿವಾಸಿ ಬರೆಯುವ ಸಾಲುಗಳು ಅದೇ ಬಿನ್ನಹಕ್ಕೆ ಓದುಗನ ಕಡೆಯಿಂದ ಬಂದ ಮರುದನಿ. ಅದನ್ನು ದೂರೆಂದು ಬದಿಗಿಡದೆ ಶ್ರುತಸೇವೆಯೆಂದು ಸ್ವೀಕರಿಸುವ ಊರಿನಲ್ಲಿ ಗ್ರಂಥಾಲಯ ಉಳಿಯುತ್ತದೆ.