ಉಗ್ರಾಣದ ವಹಿ

ಉಗ್ರಾಣವನ್ನು ತುಂಬುವುದು ಒಂದು ಕಾರ್ಯ. ತುಂಬಿದ್ದನ್ನು ವಹಿಯಲ್ಲಿ ಬರೆದಿಡುವುದು ಮತ್ತೊಂದು ಕಾರ್ಯ. ಮೊದಲನೆಯದು ಹತ್ತು ಜನರ ಕಣ್ಣಿಗೆ ಬೀಳುತ್ತದೆ, ಪ್ರಶಂಸೆಗೆ ಪಾತ್ರವಾಗುತ್ತದೆ. ಎರಡನೆಯದು ಮೂಲೆಯ ಮೇಜಿನ ಮೇಲೆ, ಯಾರೂ ಗಮನಿಸದ ಹೊತ್ತಿನಲ್ಲಿ ನಡೆಯತಕ್ಕದ್ದು. ಶಾಲೆಯಲ್ಲಿ ಅಧ್ಯಾಪನ ಮಾಡಿದವರಿಗೆ ಈ ಮಾತು ಹೊಸದಲ್ಲ. ವರ್ಷಾಂತ್ಯದಲ್ಲಿ ದಾಸ್ತಾನು ಪುಸ್ತಕವನ್ನು ಕೈಯಲ್ಲಿ ಹಿಡಿದು ಪ್ರಯೋಗಶಾಲೆಯ ಕಪಾಟುಗಳ ಮುಂದೆ ನಿಂತ ಉಪಾಧ್ಯಾಯನು ಎರಡು ಬಗೆಯ ಸಂಕಟಕ್ಕೆ ಒಳಗಾಗುತ್ತಾನೆ. ಪುಸ್ತಕದಲ್ಲಿ ನಮೂದಾದ ಗಾಜಿನ ಪಾತ್ರೆ ಕಪಾಟಿನಲ್ಲಿ ಇರುವುದಿಲ್ಲ. ಕಪಾಟಿನಲ್ಲಿರುವ ತಕ್ಕಡಿ ಪುಸ್ತಕದಲ್ಲಿ ಇರುವುದಿಲ್ಲ. ಮೊದಲನೆಯದು ನಷ್ಟ. ಎರಡನೆಯದು ಅದಕ್ಕಿಂತ ವಿಚಿತ್ರವಾದ ಅವಸ್ಥೆ. ವಸ್ತು ಕಣ್ಣೆದುರಿಗಿದೆ, ಆದರೆ ಅದು ಎಂದು ಬಂದಿತು, ಯಾರು ಕೊಟ್ಟರು, ಯಾವ ಪ್ರಯೋಗಕ್ಕೆ ಬೇಕಾದದ್ದು ಎಂದು ಹೇಳಬಲ್ಲವರು ಯಾರೂ ಇಲ್ಲ.

ಈ ಕಾಲದ ಮಹಾ ಉಗ್ರಾಣಗಳು ಧಾನ್ಯದವಲ್ಲ, ಬಂಗಾರದವೂ ಅಲ್ಲ, ಮಾಹಿತಿಯವು. ಜನನ ಮರಣಗಳ ದಾಖಲೆ, ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ರೋಗವಿವರ, ಪರೀಕ್ಷೆಯ ಅಂಕಪಟ್ಟಿ ಮುಂತಾದವೆಲ್ಲ ಇಂದು ದತ್ತಾಂಶ ಕೇಂದ್ರಗಳೆಂಬ ತಂಪು ಕೋಣೆಗಳಲ್ಲಿ, ಸಾಲುಸಾಲಾಗಿ ನಿಂತ ಲೋಹದ ಕಪಾಟುಗಳೊಳಗಿನ ಡಿಸ್ಕುಗಳ ಮೇಲೆ ನೆಲೆಸಿವೆ. ಆ ಉಗ್ರಾಣಕ್ಕೂ ವಹಿಯೊಂದು ಬೇಕು. ಅದು ಕೈಗೆ ಸಿಗದಿದ್ದರೆ ಏನಾದೀತು ಎಂಬುದಕ್ಕೆ ಈಚಿನ ನಿದರ್ಶನವೊಂದು ಕಣ್ಮುಂದಿದೆ.

2025ರ ಸೆಪ್ಟೆಂಬರ್ 26ರ ರಾತ್ರಿ, ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ರಾಷ್ಟ್ರೀಯ ಮಾಹಿತಿ ಸಂಪನ್ಮೂಲ ಕೇಂದ್ರದಲ್ಲಿ ಬೆಂಕಿ ಹೊತ್ತಿಕೊಂಡಿತು. ವಿದ್ಯುತ್ತು ನಿಂತಾಗ ಯಂತ್ರಗಳಿಗೆ ಆಸರೆಯಾಗಬೇಕಾದ ಲಿಥಿಯಮ್ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸ ನಡೆದಿದ್ದಾಗ ಸಂಭವಿಸಿದ ಅನಾಹುತವದು. ಬೆಂಕಿ ನೇರವಾಗಿ ತಾಗಿದ್ದು 96 ಗಣಕ ವ್ಯವಸ್ಥೆಗಳಿಗೆ; ಆದರೆ ಕೇಂದ್ರವನ್ನೇ ಸ್ತಬ್ಧಗೊಳಿಸಬೇಕಾಗಿ ಬಂದುದರಿಂದ 647 ವ್ಯವಸ್ಥೆಗಳು ನಿಂತುಹೋದವೆಂದು ಸರ್ಕಾರ ಪ್ರಕಟಿಸಿತು. ಅಂಚೆ ಸೇವೆ, ಸರ್ಕಾರಿ ಪ್ರಮಾಣಪತ್ರಗಳ ವಿತರಣೆ, ಮೊಬೈಲ್ ಗುರುತಿನ ಚೀಟಿ ಎಲ್ಲಕ್ಕೂ ಅಡಚಣೆಯುಂಟಾಯಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಟ್ಟುಕೊಂಡಿದ್ದ ‘ಜಿ-ಡ್ರೈವ್’ ಎಂಬ ಸಾಮೂಹಿಕ ಸಂಗ್ರಹದ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಅದಕ್ಕೆ ಬೇರೆಡೆ ಪ್ರತಿ ಇರಲಿಲ್ಲ.

ಇದು ಪತ್ರಿಕೆಗಳಲ್ಲಿ ದಪ್ಪಕ್ಷರಗಳಲ್ಲಿ ಬಂದ ಸುದ್ದಿ. ಸಣ್ಣಕ್ಷರಗಳಲ್ಲಿ ಬಂದ ಸುದ್ದಿ ಮತ್ತೊಂದುಂಟು. ಅಕ್ಟೋಬರ್ 9ರಂದು ಸರ್ಕಾರ ತನ್ನ ಲೆಕ್ಕವನ್ನು ತಿದ್ದಿಕೊಂಡಿತು. ನಿಂತುಹೋದ ವ್ಯವಸ್ಥೆಗಳು 647 ಅಲ್ಲ, 709. ಕೇಂದ್ರದಲ್ಲಿ ಏನೇನಿದೆ ಎಂಬುದರ ಪಟ್ಟಿಯಿದ್ದ ನಿರ್ವಹಣಾ ವ್ಯವಸ್ಥೆಯೇ ಈ ದುರಂತದಲ್ಲಿ ನಿಂತುಹೋಗಿತ್ತು. ಆದುದರಿಂದ ಮೊದಲ ಪಟ್ಟಿಯನ್ನು ಸಿಬ್ಬಂದಿಯ ನೆನಪನ್ನು ಆಧರಿಸಿ ಸಿದ್ಧಪಡಿಸಲಾಗಿತ್ತು. ನಿರ್ವಹಣಾ ವ್ಯವಸ್ಥೆ ಮತ್ತೆ ಚೇತರಿಸಿಕೊಂಡಾಗಲೇ ನಿಜವಾದ ಸಂಖ್ಯೆ ಹೊರಬಿದ್ದಿತು. ಹೀಗೆ 62 ವ್ಯವಸ್ಥೆಗಳು ಎರಡು ವಾರಗಳ ಕಾಲ ಪ್ರಕಟಿತ ಪಟ್ಟಿಯಿಂದಲೇ ಮರೆಯಾಗಿದ್ದವು. ಅವು ನಿಂತಿವೆಯೆಂಬ ದುಃಖವೂ ಲೆಕ್ಕಕ್ಕೆ ಸೇರಲಿಲ್ಲ. ಅತ್ಯಂತ ಮುಂದುವರಿದ ದೇಶವೊಂದರಲ್ಲಿ, ನುರಿತ ತಂತ್ರಜ್ಞರ ನಡುವೆಯೇ, ಹೀಗಾಯಿತೆಂಬುದನ್ನು ಮರೆಯಬಾರದು. ನೆನಪು ಎಷ್ಟೇ ಚುರುಕಾಗಿದ್ದರೂ ವಹಿಯ ಸ್ಥಾನದಲ್ಲಿ ನಿಲ್ಲಲಾರದು.

ಹಿಂದೆ ಈ ತೊಡಕು ಇರಲಿಲ್ಲ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಪ್ರಥಮ ಡಿಸ್ಕ್ ಸಂಗ್ರಹ ಯಂತ್ರ ಒಂದು ಟನ್ನಿಗೂ ಮಿಗಿಲಾದ ತೂಕದ್ದು. ಅದರೊಳಗೆ 24 ಅಂಗುಲ ವ್ಯಾಸದ 50 ತಟ್ಟೆಗಳು ತಿರುಗುತ್ತಿದ್ದವು. ಅವೆಲ್ಲ ಸೇರಿ ಹೊರುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಅಂಥ ಯಂತ್ರ ಎಲ್ಲಿದೆಯೆಂದು ಯಾರೂ ಹುಡುಕಬೇಕಾಗಿರಲಿಲ್ಲ. ಅದು ಇದ್ದ ಕೋಣೆಯ ಹೆಸರನ್ನು ಹೇಳಿದರೆ ಸಾಕಾಗುತ್ತಿತ್ತು. ಕಾಲಕ್ರಮದಲ್ಲಿ ಡಿಸ್ಕು ಅಂಗೈಯಗಲಕ್ಕೆ ಇಳಿಯಿತು, ಸಂಖ್ಯೆ ಸಾವಿರಗಳಿಗೆ ಏರಿತು. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬ ವಿದ್ವಾಂಸರು, ಅಗ್ಗದ ಡಿಸ್ಕುಗಳನ್ನು ಗುಂಪುಕಟ್ಟಿ, ಒಂದು ಕೆಟ್ಟರೂ ಉಳಿದವು ಮಾಹಿತಿಯನ್ನು ಕಾಪಾಡುವಂತೆ ಜೋಡಿಸುವ ‘ರೇಡ್’ ವಿಧಾನವನ್ನು ತಮ್ಮ ಪ್ರಬಂಧವೊಂದರಲ್ಲಿ ಪ್ರತಿಪಾದಿಸಿದರು. ಅದು ಮಹೋಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂದಿನಿಂದ ಒಂದು ಕಡತ ಒಂದೇ ಡಿಸ್ಕಿನಲ್ಲಿದೆಯೆಂದು ಬೊಟ್ಟು ಮಾಡಿ ತೋರಿಸುವುದು ಅಸಾಧ್ಯವಾಯಿತು.

ಇಂದಿನ ಏರ್ಪಾಡು ಹೀಗಿದೆ. ಹಲವು ಡಿಸ್ಕುಗಳು ಸೇರಿ ಒಂದು ಗುಂಪು. ಆ ಗುಂಪಿನಿಂದ ಕತ್ತರಿಸಿ ತೆಗೆದ ಒಂದು ಪಾಲು. ಆ ಪಾಲನ್ನು ಜಾಲದ ಸ್ವಿಚ್ಚುಗಳ ಮೂಲಕ ಒಂದು ಸರ್ವರಿಗೆ ತೋರಿಸಲಾಗುತ್ತದೆ. ಸರ್ವರಿನ ಮೇಲೆ ದತ್ತಸಂಚಯ. ದತ್ತಸಂಚಯದ ಮೇಲೆ ಒಂದು ಸೇವೆ. ಸೇವೆಯ ತುದಿಯಲ್ಲಿ, ಬ್ಯಾಂಕಿನ ಕಿಟಕಿಯ ಮುಂದೆ ನಿಂತ ಮನುಷ್ಯ. ಬಾವಿಯ ನೀರು ಕಾಲುವೆಗೆ, ಕಾಲುವೆ ಮಡಿಗೆ, ಮಡಿ ಬೆಳೆಗೆ ಆಧಾರವಾಗುವಂತೆ ಇಲ್ಲಿಯೂ ಒಂದಕ್ಕೊಂದು ಆಧಾರ. ವ್ಯತ್ಯಾಸವಿಷ್ಟೆ: ಕಾಲುವೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ.

ಕಾಣದ ಈ ಸಂಬಂಧಗಳನ್ನು ಕಾಣುವಂತೆ ಬರೆದಿಡುವ ವಹಿಗೆ ಗಣಕ ಕ್ಷೇತ್ರದಲ್ಲಿ ‘ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್ ಡೇಟಾಬೇಸ್’ ಎಂದು ಹೆಸರು. ಸಂಕ್ಷೇಪವಾಗಿ ‘ಸಿಎಂಡಿಬಿ’ ಎನ್ನುತ್ತಾರೆ. ಇದರ ಹಿಂದಿನ ವಿಚಾರ 1950 ಮತ್ತು 60ರ ದಶಕಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಬೆಳೆದುದು. ಸಾವಿರಾರು ಭಾಗಗಳುಳ್ಳ ಕ್ಷಿಪಣಿಗಳಲ್ಲಿ ಯಾವ ಭಾಗವನ್ನು ಯಾವಾಗ ಬದಲಿಸಲಾಯಿತು, ಆ ಬದಲಾವಣೆ ಇನ್ನಾವ ಭಾಗಕ್ಕೆ ತಟ್ಟುತ್ತದೆ ಎಂಬುದನ್ನು ಅರಿಯದೆ ಮುಂದುವರಿಯುವಂತಿರಲಿಲ್ಲ. 1980ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸರ್ಕಾರದ ಕೇಂದ್ರೀಯ ಗಣಕ ಮತ್ತು ದೂರಸಂಪರ್ಕ ಸಂಸ್ಥೆ ಹೊರತರಲಾರಂಭಿಸಿದ ‘ಐಟಿಐಎಲ್’ ಎಂಬ ಮಾರ್ಗದರ್ಶಿ ಗ್ರಂಥಮಾಲೆ ಇದೇ ವಿಚಾರವನ್ನು ಸರ್ಕಾರಿ ಕಚೇರಿಗಳ ಗಣಕಯಂತ್ರಗಳ ನಿರ್ವಹಣೆಗೆ ಅನ್ವಯಿಸಿತು.

ಈ ವಹಿ ಸಾಮಾನ್ಯ ದಾಸ್ತಾನು ಪುಸ್ತಕಕ್ಕಿಂತ ಭಿನ್ನವಾದುದು. ದಾಸ್ತಾನು ಪುಸ್ತಕ ವಸ್ತುಗಳನ್ನು ಎಣಿಸುತ್ತದೆ. ಇದು ವಸ್ತುಗಳ ನಂಟನ್ನು ಹೇಳುತ್ತದೆ. ಸಂಗ್ರಹ ಯಂತ್ರದ ಕ್ರಮಸಂಖ್ಯೆ, ಅದಿರುವ ಕಪಾಟು, ಧಾರಣಶಕ್ತಿ, ಖಾತರಿಯ ಅವಧಿ, ಹೊಣೆ ಹೊತ್ತವರು ಇವು ಒಂದು ಭಾಗ. ಯಾವ ಸರ್ವರು ಇದನ್ನು ಅವಲಂಬಿಸಿದೆ, ಇದರ ಪ್ರತಿ ಎಲ್ಲಿದೆ, ಇದು ನಿಂತರೆ ಯಾವ ಸೇವೆ ನಿಲ್ಲುತ್ತದೆ ಎಂಬುದು ಮತ್ತೊಂದು ಭಾಗ. ಎರಡನೆಯ ಭಾಗವಿಲ್ಲದೆ ಮೊದಲನೆಯದು ಕೇವಲ ಸಾಮಾನಿನ ಪಟ್ಟಿ.

ನಡುರಾತ್ರಿ ಎರಡು ಗಂಟೆಗೆ ಪಾಳಿಯಲ್ಲಿ ಕುಳಿತ ತರುಣನೊಬ್ಬನ ಪರದೆಯ ಮೇಲೆ ಕೆಂಪು ಸೂಚನೆ ಮೂಡುತ್ತದೆ. ಸಂಗ್ರಹ ಯಂತ್ರವೊಂದು ಕುಸಿಯುವಂತಿದೆ. ಇಂಥ ರಾತ್ರಿಗಳು ಆ ವೃತ್ತಿಯಲ್ಲಿ ಅಪರೂಪವಲ್ಲ. ಅವನ ಮುಂದಿರುವ ಪ್ರಶ್ನೆ ತಾಂತ್ರಿಕವಾದುದಲ್ಲ: ಯಾರನ್ನು ಎಬ್ಬಿಸಬೇಕು? ಆ ಯಂತ್ರದ ಮೇಲಿರುವುದು ಹಳೆಯ ಸುತ್ತೋಲೆಗಳಾದರೆ ಬೆಳಗಾಗುವವರೆಗೆ ಕಾಯಬಹುದು. ಆಸ್ಪತ್ರೆಯ ತುರ್ತು ವಿಭಾಗದ ರಕ್ತದ ಗುಂಪಿನ ವಿವರಗಳಾದರೆ ಒಂದು ನಿಮಿಷವೂ ಕಾಯುವಂತಿಲ್ಲ. ಎರಡೂ ಡಿಸ್ಕುಗಳು ನೋಡಲು ಒಂದೇ ರೀತಿ. ಎರಡರ ಗುನುಗುಟ್ಟುವ ಸದ್ದೂ ಒಂದೇ. ಭೇದವನ್ನು ತಿಳಿಸಬಲ್ಲದ್ದು ವಹಿಯೊಂದೇ. ಆ ಸಾಲನ್ನು ಮೂರು ವರ್ಷದ ಹಿಂದೆ ಬರೆದವನು ಕೆಲಸ ಬಿಟ್ಟು ಹೋಗಿರಬಹುದು; ಆದರೂ ಆ ರಾತ್ರಿ ತರುಣನ ಪಕ್ಕದಲ್ಲಿ ನಿಂತು ದಾರಿ ತೋರುವವನು ಅವನೇ.

ಆದರೆ ವಹಿಯಿದ್ದ ಮಾತ್ರಕ್ಕೆ ಸಾಲದು. ಅದು ನಿಜವನ್ನು ಹೇಳಬೇಕು. ವಹಿಯಿಲ್ಲದವನು ತನಗೆ ತಿಳಿಯದೆಂದು ಅರಿತು ಎಚ್ಚರದಿಂದ ಹೆಜ್ಜೆಯಿಡುತ್ತಾನೆ. ಸುಳ್ಳು ವಹಿಯನ್ನು ನಂಬಿದವನು ಧೈರ್ಯದಿಂದ ತಪ್ಪು ತಂತಿಯನ್ನು ಕೀಳುತ್ತಾನೆ. ಅವಸರದಲ್ಲಿ ಮಾಡಿ ಬರೆಯದೆ ಬಿಟ್ಟ ಒಂದು ಬದಲಾವಣೆ ಸಾಕು, ವಹಿ ವಾಸ್ತವದಿಂದ ದೂರ ಸರಿಯಲು. ಆದುದರಿಂದ ಜಾಲವನ್ನು ತಾನೇ ಶೋಧಿಸಿ, ಕಂಡದ್ದನ್ನು ವಹಿಗೆ ಒಪ್ಪಿಸುವ ತಂತ್ರಾಂಶಗಳನ್ನು ಬಳಸುತ್ತಾರೆ. ಅವುಗಳಿಗೂ ಮಿತಿಯುಂಟು. ಒಂದೇ ಯಂತ್ರವನ್ನು ಎರಡು ತಂತ್ರಾಂಶಗಳು ಎರಡು ಹೆಸರಿನಿಂದ ಕಂಡರೆ ವಹಿಯಲ್ಲಿ ಒಂದು ಎರಡಾಗುತ್ತದೆ. ಆಗ ಬದಲಾಗದ ಕ್ರಮಸಂಖ್ಯೆಯನ್ನು ಹಿಡಿದು ಎರಡನ್ನೂ ತಾಳೆ ಹಾಕಬೇಕು. ಅಲ್ಲದೆ, ಬೆಸುಗೆಯನ್ನು ಯಂತ್ರ ಹೇಳಬಲ್ಲದು, ಬೆಲೆಯನ್ನು ಹೇಳಲಾರದು. ಈ ಪಾಲು ಆ ಸರ್ವರಿಗೆ ಸೇರಿದೆಯೆಂದು ಅದು ಕಂಡುಹಿಡಿದೀತು. ಅದರಲ್ಲಿರುವುದು ವಿಧವೆಯರ ಪಿಂಚಣಿಯ ಲೆಕ್ಕವೆಂದು ಮನುಷ್ಯನೇ ಬರೆಯಬೇಕು.

ಎಲ್ಲವನ್ನೂ ಬರೆಯಹೊರಟವನೂ ಸೋಲುತ್ತಾನೆ. ಇಂದು ಡಿಸ್ಕಿನಲ್ಲಿ ಎಷ್ಟು ಜಾಗ ಖಾಲಿಯಿದೆ ಎಂಬುದು ಗಳಿಗೆಗೊಮ್ಮೆ ಬದಲಾಗುವ ಸಂಗತಿ. ಅದನ್ನು ಅಳೆಯಲು ಬೇರೆ ಸಾಧನಗಳಿವೆ. ನಿರ್ಣಯಕ್ಕೆ ಬೇಕಾದುದನ್ನು ಮಾತ್ರ ಬರೆದು, ಬರೆದುದನ್ನು ತಪ್ಪದೆ ಕಾಪಾಡಿಕೊಂಡು ಬರುವುದೇ ವಿವೇಕ.

ಬರುವಾಗ ಬರೆದುಕೊಂಡ ವಸ್ತುವನ್ನು ಹೋಗುವಾಗಲೂ ಬರೆಯಬೇಕು. ಹಳೆಯ ಡಿಸ್ಕು ಗುಜರಿಗೆ ಹೋದರೂ ಅದರ ಮೇಲಿನ ಮಾಹಿತಿ ಹೋಗುವುದಿಲ್ಲ. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಆದೇಶವೊಂದು ಈ ದೃಷ್ಟಿಯಿಂದ ಮನನೀಯವಾದುದು. ಮಾರ್ಗನ್ ಸ್ಟ್ಯಾನ್ಲಿ ಸ್ಮಿತ್ ಬಾರ್ನಿ ಎಂಬ ಹಣಕಾಸು ಸಂಸ್ಥೆ ತನ್ನ ಹಳೆಯ ಸರ್ವರು ಮತ್ತು ಡಿಸ್ಕುಗಳ ವಿಲೇವಾರಿಯನ್ನು, ಮಾಹಿತಿ ನಾಶದಲ್ಲಿ ಅನುಭವವಿಲ್ಲದ ಸಾಮಾನು ಸಾಗಣೆ ಕಂಪನಿಯೊಂದಕ್ಕೆ ವಹಿಸಿತ್ತು; ಅವುಗಳಲ್ಲಿ ಕೆಲವು ಗ್ರಾಹಕರ ವಿವರಗಳ ಸಮೇತ ಅಂತರಜಾಲದ ಹರಾಜಿನಲ್ಲಿ ಮಾರಾಟವಾದವೆಂದು ಆಯೋಗ ಹೇಳಿತು. ಬಾಧಿತರಾದ ಗ್ರಾಹಕರು ಸುಮಾರು 1.5 ಕೋಟಿ, ಸಂಸ್ಥೆ ಆರೋಪಗಳನ್ನು ಒಪ್ಪದೆ, ಅಲ್ಲಗಳೆಯದೆ, ತೆರಲು ಒಪ್ಪಿದ ದಂಡ 3.5 ಕೋಟಿ ಡಾಲರ್. ಸ್ಥಳೀಯ ಶಾಖೆಗಳ ಯಂತ್ರಗಳನ್ನು ತೆಗೆದುಹಾಕುವ ಕಾಲದಲ್ಲಿ ದಾಖಲೆಗಳನ್ನು ತಾಳೆ ನೋಡಿದಾಗ 42 ಸರ್ವರುಗಳು ಕಾಣೆಯಾಗಿರುವುದು ಬೆಳಕಿಗೆ ಬಂದಿತೆಂಬ ಸಂಗತಿಯೂ ಅದೇ ಆದೇಶದಲ್ಲಿದೆ. ತಾಳೆ ನೋಡದಿದ್ದರೆ ಅವು ಕಾಣೆಯಾದದ್ದೂ ಕಾಣುತ್ತಿರಲಿಲ್ಲ.

ಡೇಜಾನಿನ ಪಾಠವಂತೂ ಇನ್ನೂ ಸರಳ. ಕಣಜದ ಲೆಕ್ಕವನ್ನು ಕಣಜದೊಳಗೇ ಇಟ್ಟರೆ, ಕಣಜಕ್ಕೆ ಬೆಂಕಿ ಬಿದ್ದ ದಿನ ಲೆಕ್ಕವೂ ಕೈಗೆ ಸಿಗುವುದಿಲ್ಲ. ವಹಿಯ ಒಂದು ಪ್ರತಿ ಬೇರೊಂದು ಊರಿನಲ್ಲಿರಬೇಕು; ಅತಿ ಮುಖ್ಯವಾದ ಹಾಳೆಗಳು ಕಾಗದದ ಮೇಲೆ ಅಚ್ಚಾಗಿ ಕಪಾಟಿನಲ್ಲಿದ್ದರೂ ಅದು ಹಿಂದುಳಿದ ಪದ್ಧತಿಯಾಗದು.

ಇದು ದೂರದ ದೇಶಗಳ ಮಾತೆಂದು ಭಾವಿಸಬೇಕಾಗಿಲ್ಲ. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಅಂದಿನಿಂದ ಹೊಲ ಹಳ್ಳಿಯಲ್ಲಿದ್ದರೂ ಹೊಲದ ಹಕ್ಕಿನ ಬರಹ ಯಾವುದೋ ಡಿಸ್ಕಿನ ಮೇಲಿದೆ. ಆ ಡಿಸ್ಕು ಯಾವುದೆಂದು ರೈತನಿಗೆ ತಿಳಿಯಬೇಕಾಗಿಲ್ಲ. ತಿಳಿದವನೊಬ್ಬ ಎಲ್ಲೋ ಒಂದು ಕಡೆ ಇರಬೇಕು, ತಿಳಿದುದನ್ನು ಬರೆದಿಟ್ಟಿರಬೇಕು.

ಪ್ರತಿಯೊಂದು ಹಳೆಯ ಶಾಲೆಯ ಕಚೇರಿಯಲ್ಲಿಯೂ ಅಂಚು ಸವೆದ ಪ್ರವೇಶ ವಹಿಗಳಿರುತ್ತವೆ. ನಲವತ್ತು ವರ್ಷಗಳ ನಂತರ ಹಳೆಯ ವಿದ್ಯಾರ್ಥಿಯೊಬ್ಬ ಜನ್ಮದಿನಾಂಕದ ದಾಖಲೆ ಬೇಕೆಂದು ಬಂದಾಗ, ಗುಮಾಸ್ತನು ಧೂಳು ಕೊಡವಿ, ಹಾಳೆ ಮಗುಚಿ, ಬೆರಳಿಟ್ಟು ಒಂದು ಸಾಲನ್ನು ತೋರಿಸುತ್ತಾನೆ. ಆ ಸಾಲನ್ನು ಬರೆದವರ ಹೆಸರು ಯಾರಿಗೂ ತಿಳಿಯದು; ಬರೆದ ದಿನ ಅದೊಂದು ಅತಿ ಸಾಮಾನ್ಯವಾದ ಕೆಲಸವಾಗಿತ್ತು. ಆದರೂ ಒಬ್ಬ ಮನುಷ್ಯನ ಪಿಂಚಣಿ, ಒಂದು ಕುಟುಂಬದ ನೆಮ್ಮದಿ ಆ ಸಾಲಿನ ಮೇಲೆ ನಿಂತಿದೆ. ಇಂಥ ಶಾಲೆಗಳಲ್ಲಿ ಕಲಿತು ಇಂದು ದತ್ತಾಂಶ ಕೇಂದ್ರಗಳಲ್ಲಿ ದುಡಿಯುತ್ತಿರುವ ತರುಣ ತರುಣಿಯರು, ದಿನದ ಕೊನೆಯಲ್ಲಿ ಬೇಸರದಿಂದ ತುಂಬುವ ಒಂದೊಂದು ನಮೂದೂ ಅದೇ ಜಾತಿಯದು. ಅದರ ಬೆಲೆ ತಿಳಿಯುವುದು ಬರೆದ ದಿನವಲ್ಲ, ಹುಡುಕಿದ ದಿನ.