ಮಾಗಿಯ ಮನೆ: ಬೆಚ್ಚಗಿರಲಿ, ಗಾಳಿಯೂ ಆಡಲಿ

ಕಾರ್ತಿಕದ ದೀಪಗಳು ಆರಿ ಮಾರ್ಗಶಿರ ಕಾಲಿಡುತ್ತಿದ್ದಂತೆ ನಮ್ಮ ನಾಡಿನಲ್ಲಿ ಚಳಿಯ ಆಡಳಿತ ಆರಂಭವಾಗುತ್ತದೆ. ಹಿಮ ಬೀಳುವ ದೇಶದವರು ನಮ್ಮ ಚಳಿಯನ್ನು ಕಂಡರೆ ನಕ್ಕಾರು. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಷ್ಟು ಹಳೆಯ ಮಾತು. ಆದರೂ ಶಿವರಾತ್ರಿ ಬಂದು ಚಳಿ ‘ಶಿವ ಶಿವಾ’ ಎಂದು ಓಡಿಹೋಗುವವರೆಗೆ ಗೃಹಿಣಿಯ ದಿನಚರಿಯೇ ಬದಲಾಗಬೇಕು. ಹಾಲು ಹೆಪ್ಪುಗಟ್ಟದು, ದೋಸೆಯ ಹಿಟ್ಟು ಉಬ್ಬದು, ಮಜ್ಜಿಗೆ ಕಡೆದರೆ ಬೆಣ್ಣೆ ಬಾರದು, ಕೊಬ್ಬರಿ ಎಣ್ಣೆ ಸೀಸೆಯಿಂದ ಇಳಿಯದು.

ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು. ಆದರೆ ಶಾಖದ ಪಾಠವನ್ನು ನಾನು ನಿಜವಾಗಿ ಕಲಿತದ್ದು ಹಾಸನದ ಕಡೆಯ ಹೆಂಚಿನ ಮನೆಯಲ್ಲಿ, ಶಾಲೆಯ ಮೆಟ್ಟಿಲು ಹತ್ತದ ನನ್ನ ಅತ್ತೆಯವರಿಂದ. ಅವರು ಮಾಡುತ್ತಿದ್ದ ಪ್ರತಿಯೊಂದು ಉಪಾಯಕ್ಕೂ ಒಂದು ಕಾರಣವಿತ್ತು. ಉಪಾಯದ ಜೊತೆಗೆ ಆ ಕಾರಣವನ್ನೂ ಹೇಳಿದರೆ ಮಾತ್ರ ಅದು ಇಂದಿನ ಮನೆಗಳಿಗೆ ಒದಗೀತು ಎಂಬುದು ನನ್ನ ನಂಬಿಕೆ. ಹೀಗೇಕೆ ನಂಬುತ್ತೇನೆಂಬುದನ್ನು ಕಡೆಯಲ್ಲಿ ಹೇಳುತ್ತೇನೆ; ಮೊದಲು ಅಡುಗೆಮನೆಗೆ ಹೋಗೋಣ.

ಮೊಸರಿನ ಕಥೆ ಹೀಗಿದೆ. ಹಾಲನ್ನು ಮೊಸರಾಗಿಸುವುದು ಲ್ಯಾಕ್ಟೋಬ್ಯಾಸಿಲಸ್ ಮೊದಲಾದ ಬ್ಯಾಕ್ಟೀರಿಯಾಗಳ ಕೆಲಸ. ಅವು ಚುರುಕಾಗಿ ಬೆಳೆಯಲು ಸುಮಾರು 40 ಡಿಗ್ರಿಯ ಶಾಖ ಬೇಕು. ಬೇಸಿಗೆಯಲ್ಲಿ ಹವೆಯೇ ಅವಕ್ಕೆ ನೆರವಾಗುತ್ತದೆ. ಮಾಗಿಯಲ್ಲಿ ಹಾಲು ಬೇಗನೆ ಆರಿ ಅವು ಮಂಕಾಗುತ್ತವೆ. ಆದ್ದರಿಂದ ಮೂರು ಎಚ್ಚರಗಳು. ಹಾಲು ಬೆರಳು ತಾಳುವಷ್ಟು ಬಿಸಿಯಿರುವಾಗಲೇ ಹೆಪ್ಪು ಹಾಕಬೇಕು. ಬೇಸಿಗೆಯಲ್ಲಿ ಒಂದು ಲೀಟರ್ ಹಾಲಿಗೆ ಒಂದು ಚಮಚ ಹಾಕುವವರು ಈಗ ಎರಡು ಹಾಕಬೇಕು. ಫ್ರಿಜ್ಜಿನಿಂದ ತೆಗೆದ ಹೆಪ್ಪಾದರೆ ಅದರ ತಣ್ಣಗು ಹೋಗುವವರೆಗೆ ಹೊರಗಿಟ್ಟಿರಬೇಕು. ಆಮೇಲೆ ಪಾತ್ರೆಯ ಶಾಖ ಹೊರಗೆ ಹೋಗದಂತೆ ಕಾಯಬೇಕು. ಅತ್ತೆಯವರು ಪಾತ್ರೆಯನ್ನು ಅಕ್ಕಿಯ ಡಬ್ಬದೊಳಗೆ ಕುತ್ತಿಗೆಯವರೆಗೆ ಹೂತಿಡುತ್ತಿದ್ದರು. ಕಾಳುಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅಕ್ಕಿಯ ದೊಡ್ಡ ಡಬ್ಬವಿಲ್ಲದ ಮನೆಯಲ್ಲಿ ಹಳೆಯ ಉಣ್ಣೆಯ ಶಾಲು ಸುತ್ತಿಟ್ಟರೂ, ಹಾಟ್ ಬಾಕ್ಸಿನಲ್ಲಿಟ್ಟರೂ ಅದೇ ಫಲ.

ದೋಸೆ ಇಡ್ಲಿಗಳ ಹಿಟ್ಟಿನಲ್ಲೂ ಇಂಥದೇ ವ್ಯವಹಾರ. ಉದ್ದಿನಬೇಳೆಯ ಜೊತೆಯಲ್ಲೇ ಬರುವ ಬ್ಯಾಕ್ಟೀರಿಯಾಗಳು ಹಿಟ್ಟಿನಲ್ಲಿ ಅನಿಲವನ್ನುಂಟುಮಾಡಿ ಅದನ್ನು ಉಬ್ಬಿಸುತ್ತವೆ. ಚಳಿಯಲ್ಲಿ ಅವಕ್ಕೆ ಹೆಚ್ಚು ಹೊತ್ತು ಬೇಕು. ಬೇಸಿಗೆಯಲ್ಲಿ ಎಂಟು ಗಂಟೆಯಲ್ಲಿ ಹದವಾಗುವ ಹಿಟ್ಟಿಗೆ ಈಗ ಹನ್ನೆರಡು, ಹದಿನಾಲ್ಕು ಗಂಟೆ ಬೇಕಾದೀತು. ಆದ್ದರಿಂದ ರಾತ್ರಿ ರುಬ್ಬುವ ಬದಲು ಸಂಜೆಯೇ ರುಬ್ಬಿಡಿ. ರುಬ್ಬುವಾಗ ಉಗುರುಬೆಚ್ಚಗಿನ ನೀರನ್ನು ಬಳಸಿ. ಕುದಿವ ನೀರು ಬೇಡ, ಅದು ಆ ಜೀವಿಗಳನ್ನೇ ಕೊಂದುಬಿಡುತ್ತದೆ. ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ ಸೇರಿಸಿದರೆ ದೋಸೆ ಮೃದುವಾಗುತ್ತದೆ. ಪಾತ್ರೆಯನ್ನು ಕಲ್ಲಿನ ಕಟ್ಟೆಯ ಮೇಲೆ ನೇರವಾಗಿ ಇಡಬೇಡಿ. ಕಲ್ಲು ಶಾಖವನ್ನು ಹೀರಿಕೊಳ್ಳುತ್ತದೆ. ಅಡಿಯಲ್ಲಿ ಮಡಿಸಿದ ಗೋಣಿಯನ್ನೋ ಮರದ ಮಣೆಯನ್ನೋ ಹಾಕಿ.

ಬೆಣ್ಣೆ ಕಡೆಯುವವರು ಈಗ ವಿರಳ. ಆದರೂ ಕೆನೆ ಕೂಡಿಟ್ಟು ಮನೆಯಲ್ಲೇ ತುಪ್ಪ ಕಾಯಿಸುವವರು ಇನ್ನೂ ಇದ್ದಾರೆ. ಚಳಿ ಹೆಚ್ಚಾದಾಗ ಕೊಬ್ಬಿನ ಕಣಗಳು ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಳ್ಳಲಾರವು. ಎಷ್ಟು ಕಡೆದರೂ ನೊರೆ ಬರುತ್ತದೆಯೇ ಹೊರತು ಬೆಣ್ಣೆ ಬರುವುದಿಲ್ಲ. ಆಗ ಒಂದು ಲೋಟ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಕಡೆಯಬೇಕು. ಬೇಸಿಗೆಯಲ್ಲಿ ಇದೇ ಕೆಲಸಕ್ಕೆ ತಣ್ಣೀರು ಬೇಕೆಂಬುದನ್ನು ನೆನಪಿಸಿಕೊಂಡರೆ ಕಾರಣ ತಾನಾಗಿಯೇ ಹೊಳೆಯುತ್ತದೆ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದು ಸಹಜ. ಅದು ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ಚಳಿಗಾಲಕ್ಕೆ ಕಿರಿದಾದ ಬಾಯಿಯ ಸೀಸೆಗಿಂತ ಅಗಲ ಬಾಯಿಯ ಡಬ್ಬಿ ಲೇಸು. ಜೇನುತುಪ್ಪ ಹರಳುಗಟ್ಟಿದರೆ ಸಕ್ಕರೆ ಬೆರೆಸಿ ಮೋಸ ಮಾಡಿದ್ದಾರೆಂದು ಮಾರಿದವನನ್ನು ಬೈಯುವವರಿದ್ದಾರೆ. ಜೇನಿನಲ್ಲೇ ಇರುವ ಗ್ಲೂಕೋಸ್ ತಂಪಿನಲ್ಲಿ ಹರಳಾಗುತ್ತದೆ, ಅಷ್ಟೇ. ಸೀಸೆಯನ್ನು ಬಿಸಿನೀರಿನ ಪಾತ್ರೆಯಲ್ಲಿ ಕೆಲಹೊತ್ತು ನಿಲ್ಲಿಸಿದರೆ ಮತ್ತೆ ತಿಳಿಯಾಗುತ್ತದೆ. ಹಿಮ್ಮಡಿ ಒಡೆದವರಿಗೆ ಮಲೆನಾಡಿನ ಮುರುಗಲ ತುಪ್ಪದಂಥ ಮದ್ದು ಬೇರೊಂದಿಲ್ಲ. ಹೊರಗೆ ಗಟ್ಟಿಯಾಗಿರುವ ಅದು ಮೈಶಾಖಕ್ಕೆ ಮೆಲ್ಲಗೆ ಮೆದುವಾಗುತ್ತದೆ. ರಾತ್ರಿ ಕಾಲು ತೊಳೆದು, ಪೂರ್ತಿ ಒಣಗುವ ಮೊದಲೇ ಹಚ್ಚಿ ಕಾಲುಚೀಲ ಹಾಕಿಕೊಳ್ಳಬೇಕು.

ಇದು ಅವರೆಕಾಯಿಯ ಕಾಲವೂ ಹೌದು. ಬಿಡಿಸಿದ ಕಾಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ತಣ್ಣೀರಿಗಿಂತ ಬೇಗ ಸಿಪ್ಪೆ ಸಡಿಲಿ, ಹಿದುಕಿದ ಬೇಳೆ ಮಾಡುವ ಬೆರಳುಗಳಿಗೆ ಶ್ರಮ ಕಡಿಮೆ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಒಣ ಹವೆಯೇ ಮಿತ್ರ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಚೂರು ಮಾಡಿ, ಎರಡು ಮೂರು ಬಿಸಿಲು ಕಾಣಿಸಿ. ಬೆಲ್ಲದ ಅಚ್ಚಿನ ಚೂರುಗಳನ್ನೂ ಹಾಗೆಯೇ ಒಣಗಿಸಿ. ಎಳ್ಳು, ಕಡಲೆಬೀಜಗಳನ್ನು ಬೇರೆ ಬೇರೆಯಾಗಿ ಹುರಿದು ಸಂಪೂರ್ಣ ಆರಿದ ಮೇಲೆಯೇ ಬೆರೆಸಿ. ಬಿಸಿಯಿರುವಾಗಲೇ ಡಬ್ಬಕ್ಕೆ ತುಂಬಿದರೆ ಒಳಗೆ ಬೆವರೊಡೆದು ಬೆಲ್ಲ ಅಂಟುತ್ತದೆ.

ಹಾಸಿಗೆಯ ವಿಷಯದಲ್ಲಿ ಒಂದೇ ಮಾತು. ದಪ್ಪನೆಯ ಒಂದು ಹೊದಿಕೆಗಿಂತ ತೆಳುವಾದ ಎರಡು ಹೊದಿಕೆಗಳು ಹೆಚ್ಚು ಬೆಚ್ಚಗಿರುತ್ತವೆ; ಅವುಗಳ ನಡುವೆ ನಿಂತ ಗಾಳಿಯೇ ಮೂರನೆಯ ಹೊದಿಕೆ. ಚಳ್ಳಕೆರೆಯ ಕಂಬಳಿ ಒರಟಾದರೂ ಬೆಚ್ಚಗಿರುವುದು ಇದೇ ಕಾರಣದಿಂದ. ಅದರ ಉಣ್ಣೆಯ ಎಳೆಗಳು ಗಾಳಿಯನ್ನು ಹಿಡಿದಿಡುತ್ತವೆ. ವಾರಕ್ಕೊಮ್ಮೆ ಕಂಬಳಿಯನ್ನು ನಡುಹಗಲ ಬಿಸಿಲಿಗೆ ಹಾಕಿ ಕೊಡವಿದರೆ ತೇವ ಆರಿ ಅದು ಮತ್ತೆ ಹಗುರಾಗುತ್ತದೆ.

ಇನ್ನು ನಾನು ಕಡೆಯಲ್ಲಿ ಹೇಳುತ್ತೇನೆಂದ ಮಾತಿಗೆ ಬರುತ್ತೇನೆ. ಅದು ಬೆಂಕಿಯ ಮಾತು.

ಕೆಲವು ವರ್ಷಗಳ ಹಿಂದೆ ನಾವಿರುವ ಅಪಾರ್ಟ್‌ಮೆಂಟಿನಲ್ಲಿ, ಮೇಲಿನ ಮನೆಯವರ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಜನವರಿಯ ಚಳಿ. ಊರಿನಿಂದ ಬಂದ ಅಜ್ಜಿ ತಾಯಿಮಗುವಿಗೆ ಶೀತವಾಗದಿರಲೆಂದು ಕಿಟಕಿಯ ಗಾಜುಗಳನ್ನು ಎಳೆದು, ಬಾಗಿಲು ಹಾಕಿ, ಮಂಚದ ಪಕ್ಕದಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುತ್ತಿದ್ದರು. ಎರಡನೆಯ ದಿನದಿಂದ ಹುಡುಗಿಗೆ ತಲೆನೋವು, ಓಕರಿಕೆ. ಶೀತ ತಲೆಗೇರಿದೆಯೆಂದು ಅಜ್ಜಿ ಇನ್ನಷ್ಟು ಕೆಂಡ ಹಾಕಿಸಿದರು. ಮೂರನೆಯ ದಿನ ಬೆಳಿಗ್ಗೆ ಹುಡುಗಿ ಎದ್ದವಳೇ ಕುಸಿದುಬಿದ್ದಳು. ಪುಣ್ಯಕ್ಕೆ ಮನೆಯವರೆಲ್ಲ ಎಚ್ಚರವಾಗಿದ್ದರು; ತಾಯಿಮಗುವನ್ನು ಹೊರಗೆ ತಂದು ಆಸ್ಪತ್ರೆಗೆ ಒಯ್ದರು. ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ “ಕೋಣೆಯಲ್ಲಿ ಕೆಂಡ ಇಟ್ಟಿದ್ದಿರಾ?” ಎಂಬುದು. ಆಮ್ಲಜನಕ ಕೊಟ್ಟು ನೋಡಿಕೊಂಡರು, ಇಬ್ಬರೂ ಉಳಿದರು.

ಮಾರನೆಯ ದಿನ ಆ ಅಜ್ಜಿ ನಮ್ಮ ಮನೆಗೆ ಬಂದು ಕುಳಿತರು. ಕಣ್ಣೀರು ನಿಲ್ಲದು. “ಟೀಚರಮ್ಮ, ನನ್ನ ನಾಲ್ಕು ಬಾಣಂತನವೂ ಅಗ್ಗಿಷ್ಟಿಕೆ ಮಗ್ಗುಲಲ್ಲೇ ಆಯ್ತು. ನನ್ನ ಮಕ್ಕಳಿಗೆ ಏನೂ ಆಗಲಿಲ್ಲ. ಈ ಮಗೂಗೆ ನಾನೇ ಕೇಡು ತಂದೆನಾ?” ಎಂದು ಕೇಳಿದರು.

“ಅಮ್ಮಾ, ನಿಮ್ಮ ಮನೆ ಯಾವುದರದ್ದು?” ಎಂದೆ.

“ಹೆಂಚಿನದು.”

ಉತ್ತರ ಅಲ್ಲೇ ಇತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ನಾಡಿನ ಉದ್ದಗಲಕ್ಕೂ ಹರಡಿತು. ಅದಕ್ಕೂ ಮೊದಲು ನಾಡಹೆಂಚು, ಹುಲ್ಲಿನ ಮಾಡುಗಳಿದ್ದವು. ಹೆಂಚಿನ ಸಂದುಗಳು, ಸೂರಿನ ಕೆಳಗಿನ ತೆರಪು, ಗೋಡೆಯ ಗವಾಕ್ಷಿ, ಇವೆಲ್ಲವೂ ಹಗಲಿರುಳು ಉಸಿರಾಡುತ್ತಿದ್ದವು. ಕೆಂಡದಿಂದೆದ್ದ ಬಿಸಿಗಾಳಿ ಮೇಲೇರಿ ಹೊರಟುಹೋಗುತ್ತಿತ್ತು. ನನ್ನ ಅತ್ತೆಯವರು ಎಂಥ ಚಳಿಯಲ್ಲೂ ಗವಾಕ್ಷಿಗೆ ಬಟ್ಟೆ ತುರುಕಲು ಬಿಡುತ್ತಿರಲಿಲ್ಲ. “ಬೆಂಕಿಗೂ ಉಸಿರು ಬೇಕು ಕಣೇ, ನಿನಗೂ ಬೇಕು” ಎನ್ನುತ್ತಿದ್ದರು. ಕಾಂಕ್ರೀಟಿನ ತಾರಸಿ, ಬಿಗಿಯಾಗಿ ಮುಚ್ಚುವ ಗಾಜಿನ ಕಿಟಕಿಗಳಿರುವ ಕೋಣೆಯಲ್ಲಿ ಆ ದಾರಿಗಳೇ ಇಲ್ಲ. ಅಗ್ಗಿಷ್ಟಿಕೆ ಅದೇ, ಅಜ್ಜಿಯ ಅಕ್ಕರೆಯೂ ಅದೇ, ಬದಲಾದದ್ದು ಸೂರು.

ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲಕ್ಕೆ ಅಂಟಿಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕ ದೊರೆಯದು. ಸೌದೆಯ ಹೊಗೆಯಾದರೆ ಕಣ್ಣುರಿಸಿ, ಕೆಮ್ಮಿಸಿ ಎಚ್ಚರಿಸುತ್ತದೆ. ನಿಗಿನಿಗಿ ಕೆಂಡ ಹಾಗಲ್ಲ. ಹೊಗೆಯಿಲ್ಲವೆಂಬ ಕಾರಣಕ್ಕೇ ಅದನ್ನು ನಿರಪಾಯವೆಂದು ನಂಬುತ್ತೇವೆ. ಮಲಗಿ ನಿದ್ರಿಸುವವರಿಗಂತೂ ಎಚ್ಚರವಾಗುವ ಅವಕಾಶವೇ ಇರುವುದಿಲ್ಲ.

ಆದ್ದರಿಂದ ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡವೇ ಬೇಡ. ಕಿಟಕಿಯನ್ನು ಒಂದಿಷ್ಟು ಸರಿಸಿ ಇಟ್ಟರಾಯಿತೆಂದೂ ಭಾವಿಸಬೇಡಿ. ಬಾಣಂತಿಯ ಕೂದಲು ಒಣಗಿಸಲು ಸಾಂಬ್ರಾಣಿಯ ಹೊಗೆ ಬೇಕೆನ್ನುವವರು ಇಂದಿನ ಮನೆಗಳಲ್ಲಿ ಅದನ್ನು ಬಿಡುವುದೇ ಮೇಲು. ಒಣ ಟವೆಲ್ಲು, ಎಳೆಬಿಸಿಲು ಸಾಕು. ಎಳೆಗೂಸಿಗೆ ತಾಯಿಯ ಎದೆಯ ಶಾಖಕ್ಕಿಂತ ಮಿಗಿಲಾದ ಅಗ್ಗಿಷ್ಟಿಕೆ ಯಾವುದಿದೆ? ಮೈಗೆ ಮೈ ತಾಗುವಂತೆ ಎದೆಯ ಮೇಲೆ ಮಲಗಿಸಿಕೊಂಡು, ತಲೆಗೆ ಕುಲಾವಿ, ಕಾಲಿಗೆ ಚೀಲ ಹಾಕಿ ಹೊದೆಸಿದರೆ ಮಗು ಬೆಚ್ಚಗಿರುತ್ತದೆ. ದೊಡ್ಡವರು ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹಾಸಿಗೆಯಲ್ಲಿ ಇಟ್ಟುಕೊಳ್ಳಬಹುದು. ಮಗುವಿನ ಮೈಗೆ ಅದು ತಾಗಕೂಡದು.

ಇದೇ ಅಪಾಯ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರಿನ ವೇಷದಲ್ಲಿ ಕುಳಿತಿದೆ. ಹಿಂದೆ ಹಂಡೆಯ ಒಲೆಯ ಬಾಯಿ ಎಷ್ಟೋ ಮನೆಗಳಲ್ಲಿ ಹೊರಗಡೆಗೆ ಇರುತ್ತಿತ್ತು; ನೀರು ಒಳಗೆ, ಬೆಂಕಿ ಹೊರಗೆ. ಇಂದು ಪುಟ್ಟ ಬಚ್ಚಲುಮನೆಯ ಗೋಡೆಯಲ್ಲೇ ಬೆಂಕಿ ಉರಿಯುತ್ತಿದೆ. ಚಳಿಯೆಂದು ಕಿಟಕಿಯನ್ನೂ ಮುಚ್ಚಿರುತ್ತೇವೆ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಗ್ಯಾಸ್ ಗೀಸರು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು. ಕೊಳವೆಯಲ್ಲಿ ನೀರು ಮಾತ್ರ ಒಳಗೆ ಬರಬೇಕು. ಅದನ್ನು ಸ್ಥಳಾಂತರಿಸುವವರೆಗೆ, ಬಾಗಿಲು ಕಿಟಕಿಗಳನ್ನು ತೆರೆದಿಟ್ಟು ಬಕೆಟ್ಟು ತುಂಬಿಸಿ, ಗೀಸರ್ ಆರಿಸಿ, ಗಾಳಿ ತಿಳಿಯಾದ ಮೇಲೆಯೇ ಸ್ನಾನಕ್ಕೆ ಇಳಿಯಿರಿ.

ಬೆಂಕಿ ಉರಿಯುವ ಕೋಣೆಯಲ್ಲಿ ತಲೆನೋವು, ತಲೆಸುತ್ತು, ಓಕರಿಕೆ, ಅಕಾಲದ ತೂಕಡಿಕೆ ಕಂಡರೆ, ಅದರಲ್ಲೂ ಹೊರಗೆ ಬಂದೊಡನೆ ಅದು ಇಳಿದರೆ, ಶೀತವೆಂದು ಕಷಾಯ ಕುಡಿದು ಮಲಗಬೇಡಿ. ಎಲ್ಲರೂ ಹೊರಗೆ ಬನ್ನಿ, ಬಾಗಿಲು ತೆರೆದಿಡಿ, ವೈದ್ಯರಲ್ಲಿಗೆ ಹೋಗಿ. ಪ್ರಜ್ಞೆ ತಪ್ಪಿದವರಿದ್ದರೆ ತಡಮಾಡದೆ 108ಕ್ಕೆ ಕರೆಮಾಡಿ.

ಆ ಅಜ್ಜಿಗೆ ನಾನು ಹೇಳಿದ್ದು ಇಷ್ಟೇ: “ಅಮ್ಮಾ, ನಿಮ್ಮ ಅಗ್ಗಿಷ್ಟಿಕೆಯ ಕೆಲಸದಲ್ಲಿ ಅರ್ಧವನ್ನು ನಿಮ್ಮ ಹೆಂಚಿನ ಮನೆ ಮಾಡುತ್ತಿತ್ತು. ಆ ಅರ್ಧ ಇಲ್ಲಿಗೆ ಬರಲಿಲ್ಲ.” ಅವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದರು: “ಹಂಗಾದ್ರೆ ಮಗೂನ ಬೆಚ್ಚಗೆ ಇಡೋದು ಹೆಂಗೆ, ಹೇಳಿಕೊಡಿ.” ಎಪ್ಪತ್ತು ದಾಟಿದ ಅವರಿಗೆ ಮೊಮ್ಮಗಳ ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸುವುದನ್ನು ಕಲಿಯಲು ಒಂದು ದಿನವೂ ಬೇಕಾಗಲಿಲ್ಲ.

ಹಿರಿಯರು ಹೇಳಿಕೊಟ್ಟ ಉಪಾಯಗಳು ನಮ್ಮ ಆಸ್ತಿ, ಅವನ್ನು ಬಿಡಬೇಕಾಗಿಲ್ಲ. ಆದರೆ ಮನೆ ಬದಲಾದಾಗ ಪ್ರತಿಯೊಂದನ್ನೂ “ಇದು ಏಕೆ?” ಎಂದು ಒಮ್ಮೆ ಕೇಳಿಕೊಳ್ಳಬೇಕು. ಅಕ್ಕಿಯ ಡಬ್ಬದ ಮೊಸರು ಅಪಾರ್ಟ್‌ಮೆಂಟಿಗೂ ಒಗ್ಗುತ್ತದೆ, ಅಗ್ಗಿಷ್ಟಿಕೆ ಒಗ್ಗುವುದಿಲ್ಲ. ಈ ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ ಹಿಡಿದು ನೆಂಟರಿಷ್ಟರ ಮನೆಗೆ ಹೋದಾಗ, ಕುಶಲ ವಿಚಾರಿಸುತ್ತ “ನಿಮ್ಮ ಗೀಸರ್ ಎಲ್ಲಿದೆ?” ಎಂದೊಂದು ಮಾತು ಕೇಳಿಬನ್ನಿ. ಎಳ್ಳುಬೆಲ್ಲ ತಿಂದು ಆಡುವ ಒಳ್ಳೆಯ ಮಾತುಗಳಲ್ಲಿ ಅದೂ ಒಂದಾಗಲಿ.